ತಲೆಗೆ ಇಪ್ಪತ್ತೆಂಟು ಮ್ಯಾಗಜೀನ್

ನಾಡಿಗೆ ಆಪತ್ತು ಬಂದ ದಿನ ಹ್ಯಾಕ್‌ಬೆರಿ ಕೌಂಟಿ ನಾಗರಿಕ ಸನ್ನದ್ಧತಾ ಸಂಘದ ಪ್ರತಿಯೊಬ್ಬ ಸದಸ್ಯನೂ ಮೈಮೇಲೆ ಎಷ್ಟು ಗುಂಡು ಹೊತ್ತಿರತಕ್ಕದ್ದು ಎಂಬ ಪ್ರಶ್ನೆ, ಕಳೆದ ಮಾರ್ಚ್ ತಿಂಗಳ ಮೊದಲ ಮಂಗಳವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ, ಊಟಕ್ಕೆ ಮುಂಚೆ, ಸಭೆಯ ಮುಂದೆ ಬಂದಿತು. ಆಪತ್ತು ಯಾವುದು ಎಂಬುದನ್ನು ಅಂದು ಚರ್ಚಿಸಲಿಲ್ಲ. ಅದು ಬೇರೆ ಉಪಸಮಿತಿಯ ಕೆಲಸ.

ನಾನು ಸಂಘದ ಕಾರ್ಯದರ್ಶಿ ವರ್ನಾ ಪಿಕೆಟ್. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ನಿವೃತ್ತಳಾದವಳು. ಸದಸ್ಯರೆಲ್ಲ ಗಂಡಸರು, ಒಬ್ಬನ ಕೈಬರಹವೂ ಅವನಿಗೇ ಓದಲು ಬರುವುದಿಲ್ಲ. ಹಾಗಾಗಿ ನನ್ನನ್ನು ಅವಿರೋಧವಾಗಿ ಆರಿಸಿದ್ದಾರೆ. ನನಗೆ ಮತವಿಲ್ಲ, ನಡವಳಿ ಪುಸ್ತಕವಿದೆ.

ಸಂಘದ ಉಪನಿಯಮ ಹನ್ನೊಂದರ ಪ್ರಕಾರ ಗುಂಡಿನ ಪ್ರಮಾಣದ ಬಗ್ಗೆ ಮತ ಹಾಕುವಾಗ ಹೆಚ್ಚು ಬೇಕೆನ್ನುವವರು ಎದ್ದು ನಿಲ್ಲಬೇಕು. ಕೂತೇ ಇದ್ದವರ ಹೆಸರನ್ನು ಕಾರ್ಯದರ್ಶಿ ಗಟ್ಟಿಯಾಗಿ ಓದಿ ಬರೆದುಕೊಳ್ಳಬೇಕು. ಈ ನಿಯಮ ಬಂದಾಗಿನಿಂದ ನನಗೆ ಬರೆಯುವ ಕೆಲಸ ಬಹಳ ಕಡಿಮೆಯಾಗಿದೆ.

ಅಧ್ಯಕ್ಷ ಡ್ವೇನ್ ಸ್ಟೋಲ್ಟ್ಸ್ ದನದ ಮೇವಿನ ವ್ಯಾಪಾರಿ. ಅವನು ವಿಷಯವನ್ನು ಬೇಗ ಮುಗಿಸಲು ನೋಡಿದ.

"ಸೈನ್ಯದೋರು ಏಳು ಮ್ಯಾಗಜೀನ್ ಹೊರ್ತಾರಂತೆ. ನಮಗೂ ಏಳು ಅಂತ ಯಾರಾದ್ರೂ ಸೂಚಿಸ್ರಪ್ಪಾ, ಊಟದ ಚಿಲಿ ಸಾರು ಆರಿಹೋಗ್ತಿದೆ."

ಮ್ಯಾಗಜೀನ್ ಎಂದರೆ ಬಂದೂಕಿನ ಹೊಟ್ಟೆಗೆ ಸಿಕ್ಕಿಸುವ ಡಬ್ಬಿ. ಒಂದರಲ್ಲಿ ಮೂವತ್ತು ಗುಂಡು, ತುಂಬಿದರೆ ಒಂದು ಪೌಂಡು ತೂಕ. ಏಳು ಎಂದ ಕೂಡಲೇ ಕ್ಲಿಫ್ಟನ್ ಹಾರ್ಗಿಸ್ ಎದ್ದು ನಿಂತ. ಇವನು ನಮ್ಮ ತಾಂತ್ರಿಕ ಉಪಸಮಿತಿಯ ಏಕೈಕ ಸದಸ್ಯ, ಊರಿನ ಏಕೈಕ ಬಂದೂಕಿನ ಅಂಗಡಿಯ ಮಾಲೀಕನೂ ಹೌದು. ಎರಡಕ್ಕೂ ಸಂಬಂಧವಿಲ್ಲವೆಂದು ಅವನೇ ಬರೆದುಕೊಟ್ಟ ಪತ್ರ ಕಡತದಲ್ಲಿದೆ.

"ಸೈನ್ಯದೋರ ಹಿಂದೆ ಲಾರಿ ಬರ್ತದೆ ಡ್ವೇನ್. ನಮ್ಮ ಹಿಂದೆ ಯಾರು ಬರ್ತಾರೆ? ನಿನ್ನ ಹೆಂಡ್ತೀನಾ?"

ಡ್ವೇನ್ ಸ್ವಲ್ಪ ಯೋಚಿಸಿದ. "ಅವಳು ಬರಲ್ಲ."

"ಹಾಗಾದ್ರೆ ಹತ್ತು."

ಆಗ ಮೂಲೆಯಿಂದ ಡೆಲ್ಬರ್ಟ್ ಓಡಮ್ ಕೈ ಎತ್ತಿದ. ಎಪ್ಪತ್ತು ದಾಟಿದವನು, ಮೇಜಿನ ಆ ತುದಿ ಅವನ ಖಾಯಂ ಜಾಗ. "ನಾನು ಯುದ್ಧಕ್ಕೆ ಹೋದಾಗ ಹದಿಮೂರು ತಿಂಗಳು ಕಾಡಲ್ಲಿದ್ದೆ. ಅಯ್ಯೋ ಗುಂಡು ಮುಗೀತಲ್ಲಪ್ಪಾ ಅಂತ ಒಂದ್ ದಿನಾನೂ ಅನ್ನಿಸ್ಲಿಲ್ಲ. ನೀರು ಮುಗೀತಲ್ಲಾ ಅಂತ ದಿನಾ ಅನ್ನಿಸ್ತಿತ್ತು. ಎರಡು ಡಬ್ಬಿ ಸಾಕು, ಮಿಕ್ಕಿದ್ದು ನೀರು ಇಟ್ಕೊಳ್ಳಿ."

ಯುದ್ಧ ಕಣ್ಣಾರೆ ಕಂಡವನು ಸಂಘದ ಇಪ್ಪತ್ತೇಳು ಜನರಲ್ಲಿ ಡೆಲ್ಬರ್ಟ್ ಒಬ್ಬನೇ. ಆದ್ದರಿಂದ ಅವನ ಅಭಿಪ್ರಾಯವು ವೈಯಕ್ತಿಕ ಅನುಭವದಿಂದ ಬಾಧಿತವಾಗಿದೆಯೆಂದು ಅಧ್ಯಕ್ಷರು ತೀರ್ಪಿತ್ತು, ಅದನ್ನು ನಡವಳಿಯಿಂದ ಕೈಬಿಟ್ಟರು. ಇಪ್ಪತ್ತಾರು ಜನ ಎದ್ದು ನಿಂತರು. ಹತ್ತು ಅಂಗೀಕಾರವಾಯಿತು. ಚಿಲಿ ಇನ್ನೂ ಬಿಸಿಯಿತ್ತು.

ಏಪ್ರಿಲ್‌ನಲ್ಲಿ ಪಕ್ಕದ ಕೌಂಟಿಯ ಸಂಘದವರು ಹನ್ನೆರಡು ಹೊರುತ್ತಾರೆಂಬ ಸುದ್ದಿ ಬಂತು, ನಮ್ಮದು ಹದಿನಾಲ್ಕಾಯಿತು. ಮೇ ತಿಂಗಳಲ್ಲಿ ಒಬ್ಬರು, ಓಡುವಾಗ ಆರು ಬಿದ್ದುಹೋದರೆ ಏನು ಗತಿ ಎಂದು ಕೇಳಿದರು. ಅವರು ಓಡಿದ್ದನ್ನು ಯಾರೂ ನೋಡಿರಲಿಲ್ಲ, ಆದರೂ ಇಪ್ಪತ್ತಾಯಿತು. ಜೂನ್‌ನಲ್ಲಿ ಹಾರ್ಗಿಸನ ಅಂಗಡಿಗೆ ಇಪ್ಪತ್ತೆಂಟು ಜೇಬಿನ ಹೊಸ ಅಂಗಿ ಬಂತು. ಖಾಲಿ ಜೇಬು ಗಾಳಿಗೆ ಪಟಪಟ ಸದ್ದು ಮಾಡಿ ಶತ್ರುವಿಗೆ ಸುಳಿವು ಕೊಡುತ್ತದೆ ಎಂದು ತಾಂತ್ರಿಕ ಉಪಸಮಿತಿ ವರದಿ ಸಲ್ಲಿಸಿತು. ಸಭೆ ಎದ್ದು ನಿಂತಿತು. ನಾನು ಸಂಘದ ಫಲಕಕ್ಕೆ ಈ ಪ್ರಕಟಣೆ ಅಂಟಿಸಿದೆ:

"ಈ ಮೂಲಕ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ತಲೆಗೆ ಇಪ್ಪತ್ತೆಂಟು ಮ್ಯಾಗಜೀನ್ ಕಡ್ಡಾಯ. ತೂಕ ಸರಿದೂಗಿಸುವ ಸಲುವಾಗಿ ಸಾಮಗ್ರಿ ಪಟ್ಟಿಯಿಂದ ಈ ಕೆಳಗಿನವುಗಳನ್ನು ತೆಗೆಯಲಾಗಿದೆ. ಕಂಬಳಿ: ಆಪತ್ತು ಬೇಸಿಗೆಯಲ್ಲಿ ಬರುವ ಸಂಭವ ಹೆಚ್ಚು. ಆಹಾರ: ಮೊದಲ ದಿನ ಯಾರಿಗೂ ಹಸಿವಾಗುವುದಿಲ್ಲ. ಗಾಯದ ಪಟ್ಟಿ: ಇಷ್ಟು ಗುಂಡು ಇದ್ದವನಿಗೆ ಗಾಯವಾಗದು, ಎದುರಾಳಿಗೆ ಆಗುವುದು, ಅವನ ಪಟ್ಟಿ ಅವನೇ ತರತಕ್ಕದ್ದು. ನೀರು: ಹಳ್ಳದಲ್ಲಿ ಸಿಗುತ್ತದೆ. ಗುಂಡು ಹಳ್ಳದಲ್ಲಿ ಸಿಗುವುದಿಲ್ಲ."

ಇದರ ಕೆಳಗೆ ಇನ್ನೊಂದು ಸಾಲಿತ್ತು. ಸೆಪ್ಟೆಂಬರಿನಲ್ಲಿ ನಡೆಯುವ ನಾಲ್ಕು ಮೈಲಿ ನಡಿಗೆಯ ಪರೀಕ್ಷೆಯಲ್ಲಿ ಪಟ್ಟಿಯಂತೆ ಹೊರದವರ ಸದಸ್ಯತ್ವ ರದ್ದಾಗುತ್ತದೆ, ಸದಸ್ಯರಲ್ಲದವರಿಗೆ ಮಂಗಳವಾರದ ಊಟದ ಮೇಜಿನಲ್ಲಿ ಜಾಗವಿಲ್ಲ.

ಆ ಸಂಜೆ ಡೆಲ್ಬರ್ಟ್ ಪಾತ್ರೆ ತೊಳೆಯಲು ನನ್ನ ಪಕ್ಕ ಬಂದು ನಿಂತ. ಅವನ ಹೆಂಡತಿ ಮಾರ್ಲಿಸ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಟೂನಾ ಮೀನಿನ ಖಾದ್ಯ ಮಾಡುತ್ತಿದ್ದ ಗಾಜಿನ ತಟ್ಟೆಯನ್ನು ಪ್ರತಿ ಮಂಗಳವಾರ ತರುತ್ತಿದ್ದ, ಒಳಗೆ ಅಂಗಡಿಯ ಬಿಸ್ಕತ್ತು ಇರುತ್ತಿತ್ತು.

"ಇಪ್ಪತ್ತೆಂಟು ನನ್ನ ಕೈಲಾಗಲ್ಲ ವರ್ನಾ. ಮಂಡಿ ಕೇಳಲ್ಲ."

"ಖಾಲಿ ಡಬ್ಬಿ ಸಿಕ್ಕಿಸ್ಕೊಳ್ಳೋ ಮಾರಾಯ. ಯಾರು ಬಿಚ್ಚಿ ನೋಡ್ತಾರೆ?"

"ಸುಳ್ಳು ಹೇಳಿ ಊಟಕ್ಕೆ ಕೂರ್ಲಾ?"

"ಹಾಗಾದ್ರೆ ಸಂಘ ಬಿಡು. ಇವರ ಜೊತೆ ಏನಿದೆ ನಿಂಗೆ?"

ಅವನು ಒಂದೇ ಲೋಟವನ್ನು ಬಹಳ ಹೊತ್ತು ಒರೆಸಿದ. "ಬುಧವಾರದಿಂದ ಸೋಮವಾರದವರೆಗೂ ನಾನು ಮಾತಾಡೋದು ರೇಡಿಯೋ ಜೊತೆ. ಅದು ತನ್ನ ಪಾಡಿಗೆ ತಾನು ಹೇಳ್ತಾ ಹೋಗ್ತದೆ, ನನ್ನ ಮಾತು ಕೇಳಲ್ಲ. ಒಬ್ಬನಿಗೆ ಅಡುಗೆ ಮಾಡೋಕೆ ಅಳತೆನೇ ಸಿಗಲ್ಲ ಕಣೇ. ಇಲ್ಲಿ ಈ ಕತ್ತೆಗಳು ಕನಿಷ್ಠ ಉಪ್ಪು ಕೊಡು ಅಂತಾದ್ರೂ ಅಂತಾವೆ."

ನಡವಳಿ ಪುಸ್ತಕದಲ್ಲಿ ಇಂಥ ಮಾತಿಗೆ ಅಂಕಣವಿಲ್ಲ.

ಸೆಪ್ಟೆಂಬರ್ ಎರಡನೇ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಡಿಗೆ ಆರಂಭವಾಯಿತು. ಓಝಾರ್ಕ್ ಬೆಟ್ಟಗಳಲ್ಲಿ ಆ ತಿಂಗಳು ಬಿಸಿಲು ಹೋಗಿರುವುದಿಲ್ಲ, ಹಳ್ಳದಲ್ಲಿ ನೀರು ಬಂದಿರುವುದಿಲ್ಲ. ಇದು ಇಲ್ಲಿ ಹುಟ್ಟಿದ ದನಕ್ಕೂ ಗೊತ್ತು. ಇಪ್ಪತ್ತಾರು ಜನ ಪಟ್ಟಿಯಂತೆ ಹೊತ್ತು ಹೊರಟರು. ಡೆಲ್ಬರ್ಟ್ ಎರಡು ಮ್ಯಾಗಜೀನ್, ನಾಲ್ಕು ದೊಡ್ಡ ಬಾಟಲಿ ನೀರು ಹೊತ್ತು ಕೊನೆಯಲ್ಲಿ ನಿಂತ. "ನೋಡ್ರೋ, ಅಜ್ಜ ಪಿಕ್‌ನಿಕ್‌ಗೆ ಹೊರಟಿದಾನೆ" ಎಂದು ಹಾರ್ಗಿಸ್ ನಕ್ಕ. ಡೆಲ್ಬರ್ಟ್ ನಗಲಿಲ್ಲ. ಹೇಗೂ ಕೊನೆಯ ನಡಿಗೆ, ಪೂರ್ತಿ ನಡೆದೇಬಿಡುತ್ತೇನೆ ಎಂದು ನನಗೆ ಮೊದಲೇ ಹೇಳಿದ್ದ.

ನಾನು ಹಾಜರಿ ಪುಸ್ತಕ ಹಿಡಿದು ನಾಲ್ಕನೇ ಮೈಲಿಯ ಹಳೆಯ ಕಲ್ಲುಗಣಿಯ ಬಳಿ ನನ್ನ ಪಿಕಪ್ ಗಾಡಿಯಲ್ಲಿ ಕಾಯುತ್ತಿದ್ದೆ. ಹತ್ತೂಮುಕ್ಕಾಲಿಗೆ ಡೆಲ್ಬರ್ಟ್ ಕುಂಟುತ್ತಾ ಬಂದು ಸಹಿ ಮಾಡಿದ.

"ಮಿಕ್ಕಿದೋರೆಲ್ಲಿ?"

"ಅರ್ಧ ಮೈಲಿ ಹತ್ರ ಡ್ವೇನ್ ಕೂತ. ಪರಿಸ್ಥಿತಿ ಅವಲೋಕನ ಮಾಡ್ತಾ ಇದೀನಿ, ನೀನು ನಡಿ ಅಂದ. ಎಲ್ಲರೂ ಅವಲೋಕನಕ್ಕೆ ಕೂತ್ರು." ಅವನು ಬಂದ ದಾರಿಯನ್ನು ತಿರುಗಿ ನೋಡಿದ. "ಇಷ್ಟು ಹೊತ್ತಾದ್ರೂ ಬರ್ಲಿಲ್ಲ ಅಂದ್ರೆ ಸರಿಯಿಲ್ಲ. ಗಾಡಿ ತೆಗಿ."

ಅವಲೋಕನದಿಂದ ಎದ್ದು ಕಾಲು ಮೈಲಿಯಷ್ಟೇ ನಡೆದಿದ್ದ ಅವರು ಮುಕ್ಕಾಲು ಮೈಲಿಯ ಬಳಿ ಸಿಕ್ಕಿದರು. ಕೆಲವರು ಒಣಗಿದ ಹಳ್ಳದಲ್ಲಿ ಇಳಿದು ಮರಳು ಕೆದಕುತ್ತಿದ್ದರು. ಹಾರ್ಗಿಸ್ ಮಗುಚಿದ ಆಮೆಯ ಹಾಗೆ ಅಂಗಾತ ಬಿದ್ದಿದ್ದ, ಬೆವರು ನಿಂತಿತ್ತು, ಮಾತು ತೊದಲುತ್ತಿತ್ತು. ಡೆಲ್ಬರ್ಟ್ ಚಾಕು ತೆಗೆದು ಆ ಇಪ್ಪತ್ತೆಂಟು ಜೇಬಿನ ಅಂಗಿಯ ಪಟ್ಟಿಗಳನ್ನು ಕತ್ತರಿಸಿ, ಅವನನ್ನು ನೆರಳಿಗೆ ಎಳೆದು, ಒಂದು ಬಾಟಲಿಯನ್ನು ಕುತ್ತಿಗೆ ಕಂಕುಳಿಗೆ ಸುರಿದ. ಒಂದನ್ನು ದಾರಿಯಲ್ಲಿ ಅವನೇ ಕುಡಿದಿದ್ದ, ಉಳಿದೆರಡನ್ನು ಮಿಕ್ಕವರಿಗೆ ಎರಡೆರಡು ಗುಟುಕು ಹಂಚಿದ. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ. ಇನ್ನರ್ಧ ಗಂಟೆ ತಡವಾಗಿದ್ದರೆ ಹೆಣ ಎತ್ತಬೇಕಿತ್ತು ಎಂದು ಅದರ ಜೊತೆ ಬಂದ ಹುಡುಗಿ ಹೇಳಿದಳು.

ಸರಿಯಾಗಿ ಪ್ರಜ್ಞೆ ಬಂದ ಮೇಲೆ ಹಾರ್ಗಿಸ್ ಆಡಿದ ಮೊದಲ ಮಾತನ್ನು ನಾನು ಬರೆದುಕೊಂಡಿದ್ದೇನೆ: "ಕತ್ತರಿಸಿದ ಅಂಗಿಗೆ ವಾರಂಟಿ ಇಲ್ಲ."

ಮಂಗಳವಾರದ ಸಭೆಯಲ್ಲಿ ಅಧ್ಯಕ್ಷರು ಫಲಿತಾಂಶ ಓದಿದರು. ಇಪ್ಪತ್ತಾರು ಸದಸ್ಯರು ತಾವು ನಡೆದಷ್ಟು ದೂರವೂ ಪಟ್ಟಿಯಂತೆ ಸಂಪೂರ್ಣ ಮದ್ದುಗುಂಡು ಹೊತ್ತಿದ್ದುದರಿಂದ ತೇರ್ಗಡೆ. ಡೆಲ್ಬರ್ಟ್ ಓಡಮ್ ಪೂರ್ತಿ ದೂರ ನಡೆದಿದ್ದರೂ ಇಪ್ಪತ್ತಾರು ಮ್ಯಾಗಜೀನ್ ಕೊರತೆ, ಪಟ್ಟಿಯಲ್ಲಿಲ್ಲದ ನೀರನ್ನು ಹೊತ್ತ ಹೆಚ್ಚುವರಿ ದೋಷ. ಅನುತ್ತೀರ್ಣ. ಸದಸ್ಯತ್ವ ರದ್ದು.

ಡೆಲ್ಬರ್ಟ್ ಎದ್ದು ಗಾಜಿನ ತಟ್ಟೆ ಎತ್ತಿಕೊಂಡ. ನನಗೆ ತಡೆಯಲಾಗಲಿಲ್ಲ.

"ನಾಚಿಕೆ ಆಗಲ್ವೇನ್ರೋ? ನಿಮ್ಮ ಜೀವ ಉಳಿಸಿದೋನು!"

"ಕಾರ್ಯದರ್ಶಿಗೆ ಮತವಿಲ್ಲ," ಎಂದ ಡ್ವೇನ್, ನನ್ನ ಮುಖ ನೋಡದೆ.

"ಒಂದ್ನಿಮಿಷ," ಎಂದ ಹಾರ್ಗಿಸ್. ಅವನ ಮುಖ ಇನ್ನೂ ಬಿಳಿಚಿಕೊಂಡಿತ್ತು. "ಮುಂದಿನ ನಡಿಗೇಲಿ ಇವನಿಲ್ದಿದ್ರೆ ನಮ್ಗೆ ನೀರು ಯಾರು ಕೊಡ್ತಾರೆ?"

"ನೀರನ್ನ ಪಟ್ಟಿಗೆ ವಾಪಸ್ ಸೇರಿಸೋಣ್ವಾ?" ಎಂದ ಡ್ವೇನ್.

"ಛೆ ಛೆ. ನೀರು ಸೇರಿಸಿದ್ರೆ ಗುಂಡು ಇಳಿಸ್ಬೇಕು."

ಗುಂಡು ಇಳಿಸಬೇಕೆಂದು ಕೂತೇ ಇರುವ ಧೈರ್ಯ ಯಾರಿಗಿದೆ? ಕೊನೆಗೆ ಹಾರ್ಗಿಸನೇ ದಾರಿ ಕಂಡುಹಿಡಿದ.

"ಡೆಲ್ಬರ್ಟ್‌ನನ್ನೇ ಪಟ್ಟಿಗೆ ಸೇರ್ಸೋಣ. ಸದಸ್ಯ ಆಗಿ ಅಲ್ಲ, ಸಾಮಾನಾಗಿ. ಸ್ವಂತ ಕಾಲ ಮೇಲೆ ನಡೀತಾನೆ, ಆದ್ರಿಂದ ತೂಕ ಸೊನ್ನೆ."

ತಾಂತ್ರಿಕವಾಗಿ ಯಾರಿಗೂ ಆಕ್ಷೇಪವಿರಲಿಲ್ಲ. ಇಪ್ಪತ್ತಾರು ಜನ ಎದ್ದು ನಿಂತರು. ಡೆಲ್ಬರ್ಟ್ ಬಾಗಿಲ ಬಳಿ ತಟ್ಟೆ ಹಿಡಿದು ಮೊದಲೇ ನಿಂತಿದ್ದ. ಸಾಮಗ್ರಿ ಪಟ್ಟಿಯ ಒಂಬತ್ತನೇ ಸಾಲಿನಲ್ಲಿ ನಾನು ಬರೆದೆ: "ಡೆಲ್ಬರ್ಟ್ ಓಡಮ್, ಸಂಖ್ಯೆ ಒಂದು, ಎಲ್ಲರಿಗೂ ಸೇರಿ."

ಬರೆದು ಮುಗಿಸಿ, ಕಾರ್ಯದರ್ಶಿಯ ಕರ್ತವ್ಯವೆಂದು ಉಪನಿಯಮ ನಾಲ್ಕನ್ನು ಸಭೆಗೆ ಓದಿ ಹೇಳಿದೆ. ಪಟ್ಟಿಯಲ್ಲಿರುವ ಪ್ರತಿಯೊಂದು ಸಾಮಗ್ರಿಯನ್ನೂ ಪ್ರತಿ ಮಂಗಳವಾರ ಸಂಜೆ ಆರಕ್ಕೆ ತಪಾಸಣೆಗೆ ಹಾಜರುಪಡಿಸಿ, ಸಭೆ ಮುಗಿಯುವವರೆಗೂ ಹಾಲ್‌ನಲ್ಲೇ ಇಟ್ಟಿರತಕ್ಕದ್ದು.

ಡೆಲ್ಬರ್ಟ್ ನನ್ನನ್ನೇ ನೋಡಿದ. ಆಮೇಲೆ ಅಧ್ಯಕ್ಷರ ಕಡೆ ತಿರುಗಿದ. "ಸಾಮಾನಿಗೆ ಊಟ ಉಂಟಾ?"

ಡ್ವೇನ್ ಕನ್ನಡಕ ಹಾಕಿಕೊಂಡು ಉಪನಿಯಮಗಳ ಹಾಳೆ ತಿರುವಿದ. "ಸಾಮಗ್ರಿಯನ್ನು ಸುಸ್ಥಿತಿಯಲ್ಲಿಡುವುದು ಸದಸ್ಯರ ಜವಾಬ್ದಾರಿ ಅಂತಿದೆ. ಕೂತ್ಕೋ."

ಅವನು ತನ್ನ ಹಳೆಯ ಜಾಗದಲ್ಲೇ ಕೂತ. ಡ್ವೇನ್ ಮತ್ತು ಹಾರ್ಗಿಸ್ ಬಂದೂಕು ನೋಡುವಷ್ಟೇ ಶ್ರದ್ಧೆಯಿಂದ ಅವನ ಸುತ್ತ ಒಂದು ಸುತ್ತು ಬಂದರು. ಬೂಟು ನೋಡಿದರು, ಕೈ ಮಡಚಿಸಿ ಬಿಡಿಸಿ ನೋಡಿದರು.

"ಮಂಡಿ?" ಎಂದ ಡ್ವೇನ್.

"ಬಲಗಡೇದು ಕಿರ್ ಅಂತದೆ."

"ಎಣ್ಣೆ ಹಾಕ್ಬೇಕೇನೋ."

ಡೆಲ್ಬರ್ಟ್ ಜೋಳದ ಬ್ರೆಡ್ಡಿದ್ದ ತಟ್ಟೆಯನ್ನು ಮುಂದಕ್ಕೆ ಹಿಡಿದ. "ಬೆಣ್ಣೆ ಹಾಕಿ. ಇದರ ಮೇಲೆ."

ಹಾಕಿದರು. ಯಾರೋ ಉಪ್ಪು ಕೊಡು ಎಂದು ಅವನನ್ನು ಕೂಗಿದರು, ಅವನು ಕೊಟ್ಟ. ನಾನು ಒಂಬತ್ತನೇ ಸಾಲಿನ ಮುಂದೆ "ಹಾಜರಿದೆ, ಸುಸ್ಥಿತಿಯಲ್ಲಿದೆ" ಎಂದು ಬರೆದು ಸಹಿ ಹಾಕಿದೆ.