ಕ್ಲಾರಿಯ ಕೈಸನ್ನೆ

ಹಲಗೆಯ ಮೇಲೆ ಇನ್ನೂ ಒಂದು ಹೆಸರಿಗೆ ಜಾಗ ಉಳಿದದ್ದೇ ಲಿಂಡ್ಸೆ ಟ್ರೆಗೇರನ ತಾಪತ್ರಯಕ್ಕೆ ಮೂಲವಾಯಿತು.

ಗ್ಯಾನೆಟ್ ಹೆಡ್‌ನ ಮಾಜಿ ಸೈನಿಕರ ಕ್ಲಬ್ಬಿನವರು, ಎರಡನೇ ಮಹಾಯುದ್ಧಕ್ಕೆ ಹೋಗಿಬಂದ ಊರಿನ ಆಸ್ಟ್ರೇಲಿಯನ್ನರ ಹೆಸರುಗಳನ್ನು ಚಿನ್ನದ ಅಕ್ಷರದಲ್ಲಿ ಬರೆಸಲು ಹೊರಟಿದ್ದರು. ಬರೆಯುವವನು ಈ ದಿನ ಸಂಜೆ ಐದಕ್ಕೆ ಬಂದು ಹಲಗೆ ಒಯ್ಯುತ್ತಾನೆ. ಅಷ್ಟರೊಳಗೆ ಪಕ್ಕದ ಮನೆಯ ಕ್ಲಾರಿ ಹಾಸ್ಕಿನ್‌ನ ಹೆಸರನ್ನು ಆ ಖಾಲಿ ಜಾಗಕ್ಕೆ ಸೇರಿಸಬೇಕೆಂದು ಲಿಂಡ್ಸೆ ಪಣ ತೊಟ್ಟಿದ್ದ.

ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಎಂಟು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಬ್ರಿಟಿಷ್ ನೌಕಾಪಡೆಯ ವಿಮಾನದಳದಲ್ಲಿ ದುಡಿದ ಆಸ್ಟ್ರೇಲಿಯನ್ನರನ್ನು ಹುಡುಕುವುದು. ಪರದೇಶದ ಪಡೆಗೆ ಸೇರಿದ್ದರಿಂದ ಇಲ್ಲಿನ ದಾಖಲೆಯಲ್ಲಿ ಅವರಿಲ್ಲ; ದೂರದವರಾದ್ದರಿಂದ ಅಲ್ಲಿ ನೆನೆಯುವವರಿಲ್ಲ. ಮೊನ್ನೆ ಇಂಗ್ಲೆಂಡಿನ ಮುದುಕನೊಬ್ಬ ಒಂದು ಫೋಟೋ ಕಳಿಸಿದ್ದ. ವಿಮಾನ ಇಳಿಯುವ ಯುದ್ಧನೌಕೆಯ ಅಟ್ಟದ ಅಂಚಿನಲ್ಲಿ, ಪೈಲಟ್‌ಗೆ ಸನ್ನೆ ತೋರುವ ಬ್ಯಾಟುಗಳನ್ನು ಎರಡೂ ಕೈಲಿ ಹಿಡಿದು ರೆಕ್ಕೆಯಂತೆ ತೋಳು ಚಾಚಿದ ತರುಣ. ಹಿಂದೆ ಬರೆದಿತ್ತು: ‘ಸಿ. ಹಾಸ್ಕಿನ್, ನಿಮ್ಮ ಕಡೆಯವನೇ.’

ಲಿಂಡ್ಸೆ ರಾತ್ರಿಯಿಡೀ ಆ ತೋಳುಗಳನ್ನೇ ನೋಡಿದ್ದ. ಹಡಗು ಹೊಯ್ದಾಡುತ್ತಿರುವಾಗ, ಎಣ್ಣೆ ಮುಗಿದ ವಿಮಾನದಲ್ಲಿ ಇಪ್ಪತ್ತರ ಹುಡುಗ ಇಳಿಯುವಾಗ, ಅವನಿಗೆ ಆಸರೆ ಆ ಎರಡು ತೋಳು ಮಾತ್ರ.

ಬೆಳಿಗ್ಗೆ ಬೇಲಿಯ ಬಳಿ ಹೋಗಿ ಕೇಳಿದ. "ಕ್ಲಾರಿ, ನೀನು ಯುದ್ಧನೌಕೆಯಲ್ಲಿದ್ದೆಯಂತೆ?"

ಕ್ಲಾರಿ ಟೊಮೇಟೊ ಗಿಡಕ್ಕೆ ನೀರು ಹಾಯಿಸುತ್ತಿದ್ದ. ಪೈಪನ್ನು ಮುಂದಿನ ಗಿಡಕ್ಕೆ ತಿರುಗಿಸಿ, "ಚಳಿ ಇತ್ತು," ಎಂದ. ನಲವತ್ತೆಂಟು ವರ್ಷದಿಂದ ಈ ಊರಲ್ಲಿದ್ದ ಅವನ ಬಾಯಿಂದ ಮಾತು ಬರುವುದು ಜಿಪುಣನ ಕೈಯಿಂದ ಸಕ್ಕರೆ ಬಂದಂತೆ.

ಇದನ್ನು ಕೇಳಿಸಿಕೊಂಡ ಎದುರುಮನೆಯ ಮಾವಿಸ್, ಅಂದರೆ ಕ್ಲಬ್ಬಿನ ಕಾರ್ಯದರ್ಶಿ, ಓಡಿಬಂದಳು. "ಅವನು ಸರಕು ಹಡಗಲ್ಲಿ ಆಲೂಗೆಡ್ಡೆ ಸುಲೀತಿದ್ದ ಅಂತ ಎಲ್ರಿಗೂ ಗೊತ್ತು ಕಣೋ. ನಿನ್ನ ಫೋಟೋದಲ್ಲಿರೋ ‘ಸಿ. ಹಾಸ್ಕಿನ್’ ಇವನೇ ಅಂತ ಏನು ಗ್ಯಾರಂಟಿ? ಪುರಾವೆ ತಗೊಂಬಾ, ಆಮೇಲೆ ನೋಡೋಣ."

ನೀರಿನ ಮೇಲೆ ಹೋದರಾದರೂ ಮುದುಕ ಬಾಯಿ ಬಿಟ್ಟಾನೆಂದು ಲಿಂಡ್ಸೆ ಅವನನ್ನು ಮೀನು ಹಿಡಿಯಲು ಕರೆದ. ಫೋಟೋ ಇದ್ದ ಕಡತವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಕಾರು ಎಳೆಯುವ ಗಾಡಿಯ ಮೇಲೆ ದೋಣಿ ಕಟ್ಟಿ ನದಿಗೆ ಹೊರಟ.

ದೋಣಿ ಇಳಿಸುವ ಇಳಿಜಾರಿನಲ್ಲಿ ಕಾರನ್ನು ಹಿಂದಕ್ಕೆ ಬಿಡತೊಡಗಿದಾಗ, ಪಕ್ಕದ ಕಟ್ಟೆಯ ಮೇಲೆ ನಿಂತ ಕ್ಲಾರಿ ತೋಳುಗಳನ್ನು ನೇರ ಚಾಚಿದ. ಕನ್ನಡಿಯಲ್ಲಿ ಅದನ್ನು ಕಂಡ ಲಿಂಡ್ಸೆಗೆ ಮೈ ಜುಮ್ಮೆಂದಿತು. ಅದೇ ನಿಲುವು, ಅದೇ ಗಾಂಭೀರ್ಯ! ಕ್ಲಾರಿಯ ತೋಳು ಮೆಲ್ಲಗೆ ಕೆಳಗಿಳಿಯಿತು. ಬ್ರಿಟಿಷ್ ಸನ್ನೆಗಳೆಲ್ಲ ಲಿಂಡ್ಸೆಗೆ ಬಾಯಿಪಾಠ. ತೋಳು ಇಳಿದರೆ ‘ಕೆಳಗಿಳಿ’. ಇಳಿದ. ತೋಳು ಇನ್ನೂ ಇಳಿಯಿತು. ಇನ್ನೂ ಇಳಿದ. ಕ್ಲಾರಿಯ ಕೈ ಮೊಣಕಾಲು ಮುಟ್ಟುವಷ್ಟರಲ್ಲಿ ಕಾರು ಎಮ್ಮೆಯಂತೆ ಕಿಟಕಿಯವರೆಗೂ ನೀರಲ್ಲಿ ಮಲಗಿತ್ತು. ಕಡತದ ಹಾಳೆಗಳು ಒಂದೊಂದಾಗಿ ತೇಲಿ ಹೊರಬಂದವು. ಫೋಟೋ ಬರಲೇ ಇಲ್ಲ.

ದಡದಲ್ಲಿ ಗಾಳ ಹಾಕಿದ್ದ ನೆವ್, ಊರಿನ ಕಟುಕ ಮತ್ತು ಕ್ಲಬ್ಬಿನ ಅಧ್ಯಕ್ಷ, ಹೊಟ್ಟೆ ಹಿಡಿದು ನಕ್ಕ. "ಏನಯ್ಯಾ, ಮೀನು ಹಿಡಿಯೋಕೆ ಬಂದ್ಯೋ, ಮೀನಿಗೆ ಕಾರು ತೋರ್ಸೋಕೆ ಬಂದ್ಯೋ?"

ಕ್ಲಾರಿ ಬಗ್ಗಿ, "ಕೆಳಗೆ ಹೋದೆ ಅಂತ ಹೇಳಿದ್ನಲ್ಲ," ಎಂದ. "ಮೇಲೆ ಬಾರೋ ಅಂತ."

ಕಿಟಕಿಯಿಂದ ತೂರಿ ಹೊರಬಂದು ಎದೆಮಟ್ಟದ ನೀರಲ್ಲಿ ನಿಂತಿದ್ದ ಲಿಂಡ್ಸೆ ಥಟ್ಟನೆ ಕಿರುಚಿದ. "ಸಿಕ್ತು! ನೆವ್, ಪುರಾವೆ ಸಿಕ್ತು! ಬ್ರಿಟಿಷರ ಪದ್ಧತಿಯಲ್ಲಿ ತೋಳು ಇಳಿಸಿದ್ರೆ ಕೆಳಗಿಳಿ ಅಂತ. ಯುದ್ಧದ ಕೊನೇ ವರ್ಷ ಪೆಸಿಫಿಕ್ಕಿಗೆ ಬಂದಾಗ, ಅಮೆರಿಕದವರಿಗೆ ಹೊಂದಿಕೊಳ್ಳೋಕೆ ಎಲ್ಲಾ ತಿರುವುಮುರುವು ಮಾಡಿದ್ರು. ತೋಳು ಇಳಿಸಿದ್ರೆ ನೀನು ಕೆಳಗಿದ್ದೀಯ, ಮೇಲೇಳು ಅಂತ! ಆಲೂಗೆಡ್ಡೆ ಸುಲಿಯೋನಿಗೆ ಇದು ಹೇಗೆ ಗೊತ್ತಿರುತ್ತೆ? ನಾನು ಹಳೇ ಪಾಠ ಓದಿದೋನು, ಅವನು ಹೊಸದು ಮಾಡಿದೋನು!"

ನೆವ್‌ನ ನಗು ನಿಂತಿತು. ಅವನು ಕ್ಲಾರಿಯನ್ನು ದಿಟ್ಟಿಸಿ ಕೇಳಿದ. "ಎಷ್ಟು ವಿಮಾನ ಇಳಿಸಿದೀಯ ಮಾರಾಯ?"

"ಲೆಕ್ಕ ಇಲ್ಲ," ಎಂದ ಕ್ಲಾರಿ. ನೀರಿನ ಕಡೆ ತಿರುಗಿದ. "ಇಳಿಸೋಕೆ ಆಗ್ದಿದ್ದು ನಾಲ್ಕು."

ನೆವ್ ಟೋಪಿ ತೆಗೆದ.

ಐದಕ್ಕೆ ಹತ್ತು ನಿಮಿಷವಿರುವಾಗ ಒದ್ದೆ ಪೆಲಿಕನ್ನಿನಂತೆ ನೀರು ಸುರಿಸುತ್ತ ಲಿಂಡ್ಸೆ ಕ್ಲಬ್ಬಿಗೆ ನುಗ್ಗಿದ. ನೆವ್ ಸಾಕ್ಷಿ ಹೇಳಿದ. ಕುಡಿಯುತ್ತಿದ್ದವರೆಲ್ಲ ಎದ್ದುನಿಂತು ಕ್ಲಾರಿಗೆ ಚಪ್ಪಾಳೆ ತಟ್ಟಿದರು. ಮಾವಿಸ್ ಕಣ್ಣೊರೆಸಿಕೊಂಡು ಅರ್ಜಿ ತುಂಬತೊಡಗಿದಳು.

"ಹುಟ್ಟಿದ ಊರು?"

"ಡನೀಡಿನ್."

"ನಮ್ಮ ಟಾಸ್ಮೇನಿಯಾದಲ್ಲಿ ತಾನೇ?"

"ನ್ಯೂಜಿಲೆಂಡಲ್ಲಿ."

ಪೆನ್ನು ನಿಂತಿತು. ನೆವ್ ಮೇಜಿನ ಮೇಲೆ ಬಗ್ಗಿ ಕೇಳಿದ. "ನಲವತ್ತೆಂಟು ವರ್ಷ ಇಲ್ಲೇ ಕೂತು ನಮ್ಮ ಜೊತೆ ಕ್ರಿಕೆಟ್ ನೋಡಿದ್ಯಲ್ಲೋ! ನ್ಯೂಜಿಲೆಂಡ್ ಸೋತಾಗೆಲ್ಲ ನಾವು ಹಾಡು ಕಟ್ಟಿ ಕುಣಿದಾಗ್ಲೂ..."

"ಅದಕ್ಕೇ ಸುಮ್ಮನಿದ್ದೆ," ಎಂದ ಕ್ಲಾರಿ. "ಯುದ್ಧದ ಸುದ್ದಿ ತೆಗೆದ್ರೆ ಎಲ್ಲಿಂದ ಹೋದೆ ಅಂತ ಕೇಳ್ತೀರ. ಬಾಯಿ ಬಿಟ್ರೆ ಉಚ್ಚಾರಣೆಯಲ್ಲೇ ಗೊತ್ತಾಗುತ್ತೆ."

ಆಸ್ಟ್ರೇಲಿಯನ್ನರ ಹಲಗೆ ಇದ್ದಂತೆಯೇ ವ್ಯಾನು ಹತ್ತಿ ಹೋಯಿತು. ನೆವ್ ಮಾತ್ರ ತನ್ನ ಕುರ್ಚಿಯನ್ನೇ ಕ್ಲಾರಿಗೆ ಬಿಟ್ಟುಕೊಟ್ಟು, ಬಿಯರ್ ತಂದುಕೊಟ್ಟ.

ಮುಚ್ಚುಮರೆ ಕಳೆದ ಮೇಲೆ ಕ್ಲಾರಿಯನ್ನು ತಡೆಯುವವರೇ ಇರಲಿಲ್ಲ. ಲಿಂಡ್ಸೆಯ ಒದ್ದೆ ತೋಳು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. "ಬರ್ಕೊ. ನಮ್ಮ ದಳದಲ್ಲಿ ನ್ಯೂಜಿಲೆಂಡಿನೋರು ಹತ್ತೊಂಬತ್ತು ಜನ." ಒಬ್ಬೊಬ್ಬರ ಹೆಸರು, ಅಪ್ಪನ ಕಸುಬು, ನಾಯಿಯ ಹೆಸರು, ಸಾಯುವ ಹಿಂದಿನ ದಿನ ಹಾಡಿದ ಹಾಡು, ಒಂದನ್ನೂ ಬಿಡದೆ ಹೇಳಿದ. ಲಿಂಡ್ಸೆ ಎರಡು ಗಂಟೆ ಬರೆದ. ಬೆರಳು ಮರಗಟ್ಟಿದಾಗ ಕೊನೆಯ ಆಸೆಯಿಂದ ಕೇಳಿದ.

"ಕ್ಲಾರಿ, ಆಸ್ಟ್ರೇಲಿಯಾದೋನು ಒಬ್ಬನಾದ್ರೂ ಇರ್ಲಿಲ್ವಾ?"

"ಇದ್ದ! ಅವನಂಥ ಧೈರ್ಯಸ್ಥನನ್ನ ನಾನು ಕಂಡೇ ಇಲ್ಲ," ಎಂದು ಕ್ಲಾರಿ ಕಣ್ಣರಳಿಸಿದ. ಆಮೇಲೆ ಹಣೆ ಉಜ್ಜಿಕೊಂಡ. "ಏನೋ ಹೆಸರು ಮಾರಾಯ... ಈಗ ನೆನಪಿಗೆ ಬರ್ತಿಲ್ಲ."