ಕಿಮಾಯೊನಿಗೆ ಸುಸ್ತೇ ಬರಲಿಲ್ಲ

ಹೆಣ್ಣಿನ ಕಡೆಯ ಹಿರಿಯರ ಮುಂದೆ ಕಿಮಾಯೊ ಆಡಿದ್ದು ಒಂದೇ ಮಾತು. ಮದುವೆಯ ಮಾತುಕತೆ ನಡೆದಿತ್ತು, ರಾಗಿ ಹೆಂಡ ಒಂದು ಸುತ್ತು ಬಂದಿತ್ತು. "ನಸುಕಲ್ಲಿ ನಮ್ಮ ಹುಡುಗಿ ಓಡೋಕೆ ಹೋದ್ರೆ ಜೊತೆಗ್ಯಾರಪ್ಪಾ?" ಎಂದು ಮದುಮಗಳು, ಓಟಗಾತಿ ಜೆಲಗಾಟಳ ಸೋದರಮಾವ ಕೇಳಿದ. "ಅವಳು ಓಡೋವಷ್ಟು ದಿನ ಅವಳ ಮುಂದೆ ನಾನು ಓಡ್ತೀನಿ" ಎಂದುಬಿಟ್ಟ ಕಿಮಾಯೊ. ಹಿರಿಯರು ತಲೆದೂಗಿದರು. ಅವನೋ ಹಿಟ್ಟಿನ ಗಿರಣಿಯಲ್ಲಿ ಕೂತು ಮೆಕ್ಕೆಜೋಳ ಬೀಸುವ ಆಸಾಮಿ. ಅಲ್ಲಿಯವರೆಗೆ ತಪ್ಪಿಸಿಕೊಂಡ ಕೋಳಿಯ ಹಿಂದೆ ಕೂಡ ಓಡಿದವನಲ್ಲ.

ಮುಂದೆ ಗಂಡಸೊಬ್ಬ ವೇಗ ಹಿಡಿದುಕೊಡುವುದು, ಹೆಂಗಸು ಅವನ ಬೆನ್ನು ನೋಡಿಕೊಂಡು ಓಡುವುದು ಓಟಗಾರರ ಊರಾದ ಇತೆನ್ ದಿಬ್ಬದ ಮೇಲಿನ ರೂಢಿ. ಮದುವೆಯಾದ ಮೊದಮೊದಲು ಕಿಮಾಯೊ ಚರ್ಚಿನ ಬೇಲಿ ದಾಟುವಷ್ಟರಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಕಾಲು ನೆನೆದ ಹಿಟ್ಟಿನ ಮೂಟೆಯಂತಾಗುತ್ತಿತ್ತು. ಇನ್ನೇನು ಮೈ ಕೈಕೊಡುತ್ತದೆ, ತಾನು ಮರ್ಯಾದೆಯಿಂದ ಬಿಡುಗಡೆ ಹೊಂದಬಹುದು ಎಂದು ಅವನು ಕಾದ. ಮೈ ಕೈಕೊಡಲಿಲ್ಲ. ಹೇಳದೆ ಕೇಳದೆ ಒಗ್ಗಿಕೊಂಡಿತು. ತೊಡೆ ಹುರಿಗಟ್ಟಿತು, ಉಸಿರು ಕಮ್ಮಾರನ ತಿದಿಯಂತೆ ಹದಕ್ಕೆ ಬಂತು, ಎದೆ ಮುದಿ ಎತ್ತಿನ ನಡಿಗೆಯಂತೆ ಸಾವಕಾಶವಾಗಿ ಬಡಿಯತೊಡಗಿತು. ಒಗ್ಗದೆ ಉಳಿದದ್ದು ಮನಸ್ಸೊಂದೇ. ಹೊತ್ತು ಏರುವವರೆಗೆ ಒಂದು ದಿನ ಮಲಗಿದರೆ ಸಾಕು ಎಂದು ಅದು ದಿನವೂ ಗೋಗರೆಯುತ್ತಿತ್ತು.

ಹಾಗಿರುವಾಗ ಕೋಚ್ ಚೆಬೊಯ್ ಗಿರಣಿಗೇ ಬಂದು ಹೇಳಿಹೋದ: "ನಾಳೆ ಏರಿನ ಓಟ ಕಣಯ್ಯಾ. ನೀನು ಹಿಂದೆ ಬಿದ್ರೆ ನಿನ್ನ ಜಾಗಕ್ಕೆ ಕಿಪ್ರುಗುಟ್ ಬರ್ತಾನೆ. ಅವನೂ ನಾಳೆ ಜೊತೆಗಿರ್ತಾನೆ."

ಕೋಚ್ ಬೆದರಿಸಿದ್ದ. ಕಿಮಾಯೊನಿಗೆ ವರ ಸಿಕ್ಕಿತ್ತು.

ಬೆಳಗ್ಗೆ ತಂಗಳು ಉಗಾಲಿಯ, ಅಂದರೆ ಮೆಕ್ಕೆಜೋಳದ ಮುದ್ದೆಯ, ದೊಡ್ಡ ಉಂಡೆಗೆ ಹುರುಳಿಕಾಯಿ ಬೀಜದ ಸಾರು ಹಾಕಿಕೊಂಡು ಕತ್ತಿನ ಮಟ್ಟ ತಿಂದ. ಹೊಟ್ಟೆ ಭಾರವಾದರೆ ಕಾಲು ಸೋಲುತ್ತದೆಂದು ಲೆಕ್ಕ. ಪಕ್ಕದ ಮನೆಯ ತಾಪ್ರಂದಿಚ್ ಅಜ್ಜಿ ಬೇಲಿಯಾಚೆಯಿಂದ ಇಣುಕಿದಳು.

"ಇಷ್ಟೊಂದು ತಿಂದು ಓಡ್ತೀಯೇನೋ?"

"ಹಸಿವಾಯ್ತು ಅಜ್ಜಿ."

"ಅಯ್ಯೋ, ನನ್ನ ಮಗನೇ. ಅವಳ ಹಿಂದೆ ಮುಂದೆ ಓಡಿ ಸವೆದುಹೋದೆ." ಅಜ್ಜಿ ಮುರ್ಸಿಕ್ ಹುಳಿಹಾಲಿನ ಸೋರೆಬುರುಡೆ ತಂದು, ಅವನು ಬೇಡವೆಂದರೂ ಬಿಡದೆ, ತಳ ಕಾಣುವವರೆಗೆ ಕುಡಿಸಿದಳು. ಕಿಮಾಯೊ ಒಳಗೊಳಗೇ ಅವಳಿಗೆ ಕೈಮುಗಿದ.

ಅಲ್ಲಿನವರು ಓಟವನ್ನು ಮುದುಕರ ನಡಿಗೆಯಂತೆ ನಿಧಾನಕ್ಕೆ ಶುರುಮಾಡುತ್ತಾರೆ. ಕಿಮಾಯೊ ಹಗ್ಗ ಕಿತ್ತ ಹೋತದಂತೆ ನುಗ್ಗಿದ. ಮೊದಲೇ ಶಕ್ತಿಯೆಲ್ಲ ಸುರಿದುಬಿಟ್ಟರೆ ಏರಿನ ಬುಡದಲ್ಲಿ ಕುಸಿಯುವುದು ಖಂಡಿತ. ಕೆಂಪು ಧೂಳೆದ್ದಿತು. ಹಿಂದೆ ಜೆಲಗಾಟಳ ಹೆಜ್ಜೆ, ಅದರ ಹಿಂದೆ ಕಿಪ್ರುಗುಟನ ಹೆಜ್ಜೆ.

"ಏನೋ ಕಿಮಾಯೊ, ಗಿರಣಿಗೆ ಬೆಂಕಿ ಬಿತ್ತಾ?" ಎಂದ ಸೈಕಲ್ಲಿನ ಹಾಲಿನವನು.

ಏರು ಬಂತು. ಬಾರದ ಬಸ್ಸಿಗೆ ಕಾಯುವವನಂತೆ ಕಿಮಾಯೊ ಸುಸ್ತಿಗೆ ಕಾದ. ಈಗ ಬರುತ್ತದೆ ಅಂದುಕೊಂಡ, ಆ ತಿರುವಿನಲ್ಲಿ ಬರುತ್ತದೆ ಅಂದುಕೊಂಡ. ಬಂದದ್ದು ಒಂದು ಹುಳಿತೇಗು. ಹೊಟ್ಟೆ ಹಗುರವಾಗಿ ಕಾಲು ಇನ್ನಷ್ಟು ಚುರುಕಾಯಿತು. ಕೊನೆಗೆ ಕುಂಟಿ ನೋಡಿದ. ರಸ್ತೆಬದಿಯಲ್ಲಿ ಆಲೂಗಡ್ಡೆ ಮಾರುತ್ತಿದ್ದ ಹೆಂಗಸು ಎದ್ದು ಬಂದು, ಜೊತೆಯಲ್ಲೇ ಓಡುತ್ತ, ಅವನ ಮೀನಖಂಡ ಒತ್ತಿ ನೋಡಿ, "ಏನೂ ಆಗಿಲ್ಲ, ಕಲ್ಲಿದ್ದಂಗೈತೆ, ಹೋಗು" ಎಂದು ಬೆನ್ನಿಗೊಂದು ಗುದ್ದಿದಳು. ಆ ಗುದ್ದಿನಲ್ಲೇ ಅವನು ದಿಬ್ಬದ ನೆತ್ತಿ ಮುಟ್ಟಿದ.

ತಿರುಗಿ ನೋಡಿದರೆ ಕಿಪ್ರುಗುಟ್ ಕಾಣಲಿಲ್ಲ. ಜೆಲಗಾಟ್ ಬಂದವಳೇ ಬಂಡೆಯ ಮೇಲೆ ಕುಸಿದು ಕೂತಳು. ಮುಖ ಬೂದಿಬಣ್ಣವಾಗಿತ್ತು.

"ನಿನಗೇನು ದೆವ್ವ ಹಿಡಿದಿತ್ತಾ?" ಎಂದಳು, ಉಸಿರು ಸಿಕ್ಕಮೇಲೆ.

"ಯಾಕೆ?"

"ಕಿಪ್ರುಗುಟನ್ನ ಹಾಕಿ ಅಂತ ಕೋಚ್‌ಗೆ ಹೇಳಿದ್ದು ನಾನೇ ಕಣೋ. ಅವನು ಏರಲ್ಲಿ ನಿಧಾನ ಮಾಡ್ತಾನೆ, ಅಲ್ಲಲ್ಲಿ ನಿಂತು ನೀರು ಕುಡೀತಾನೆ. ನಿನ್ನ ಹಿಂದೆ ಓಡಿ ಓಡಿ ನನ್ನ ಮೂಳೆ ಹಿಟ್ಟಾಗಿದೆ. ನೀನು ಇಷ್ಟಪಟ್ಟು ಓಡ್ತೀಯ, ಬೇಡ ಅಂದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ."

"ನಾನು ಇಷ್ಟಪಟ್ಟಾ?" ಎಂದ ಕಿಮಾಯೊ.

ಅಷ್ಟರಲ್ಲಿ ಕೋಚ್ ಚೆಬೊಯ್ ಬೈಕಿನಲ್ಲಿ ಏರಿ ಬಂದ. ಹಿಂದಿನ ಸೀಟಿನಲ್ಲಿ ಕಿಪ್ರುಗುಟ್ ತಲೆ ಇಳಿಬಿಟ್ಟು ಕೂತಿದ್ದ.

ಕೋಚ್ ಜೆಲಗಾಟಳ ಮಣಿಕಟ್ಟು ಹಿಡಿದು ನಾಡಿ ನೋಡಿದ. "ನೀನು ತುಂಬಾ ದಣಿದಿದೀಯ ತಾಯಿ. ಮಳೆಗಾಲ ಮುಗಿಯೋವರೆಗೂ ಓಡಬೇಡ, ಚೆನ್ನಾಗಿ ಮಲಕ್ಕೋ. ಓಡುವಾಗ ಮೈ ಒಡೀತದೆ, ಮಲಗಿದಾಗ್ಲೇ ಅದು ಮೊದಲಿಗಿಂತ ಗಟ್ಟಿಯಾಗೋದು."

ಕಿಮಾಯೊನ ಎದೆಯಲ್ಲಿ ಹೊತ್ತು ಮೂಡಿತು. "ಹಂಗಾದ್ರೆ ನಾನೂ—"

"ನೀನು ನಾಳೆಯಿಂದ ಗಂಡಸರ ಗುಂಪಿಗೆ ಬಾ. ಇಂಥ ಮೈಯನ್ನ ಹಿಟ್ಟಿನ ಧೂಳಲ್ಲಿ ಇಟ್ರೆ ಪಾಪ ಸುತ್ಕೊಳ್ತದೆ. ಅವರು ಇನ್ನೂ ಬೇಗ ಹೊರಡ್ತಾರೆ, ನೆನಪಿರ್ಲಿ."

"ಮನೇಲಿ ಕೇಳ್ಬೇಕು."

"ಕಳಿಸ್ತೀನಿ" ಎಂದಳು ಜೆಲಗಾಟ್, ಕಣ್ಣು ಮುಚ್ಚಿಕೊಂಡೇ.

ಮನೆ ಸೇರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಓಡಿ ತಲುಪಿತ್ತು. ತಾಪ್ರಂದಿಚ್ ಅಜ್ಜಿ ಬೇಲಿಯ ಮೇಲೆ ಮೊಣಕೈ ಊರಿ, ಎಲ್ಲ ತನ್ನ ಹುಳಿಹಾಲಿನ ಮಹಿಮೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಜೆಲಗಾಟ್ ಕಾಲು ತೊಳೆದು ಮಲಗಿದವಳು ಆಗಲೇ ಗೊರಕೆ ತೆಗೆದಳು. ಕಿಮಾಯೊನೂ ಹಾಸಿಗೆಯ ಕಡೆ ಬಾಗಿದ. ಮಂಡಿ ಊರಿದವನು ಕೋಚ್‌ನ ಮಾತು ನೆನೆದು ಅಲ್ಲೇ ತಡೆದುಕೊಂಡ. ಮಲಗಿದರೆ ಮೈ ಇನ್ನೂ ಗಟ್ಟಿಯಾಗುತ್ತದಂತೆ.

ಹೊರಗೆ ಬಂದು, ಅಂಗಳದ ಮರಕ್ಕೂ ಒರಗದೆ, ಕಟ್ಟೆಯ ಮೇಲೆ ನೆಟ್ಟಗೆ ಕೂತ.