ಉಳ್ಳಾಗಡ್ಡಿಗೆ ಉಳ್ಳಾಗಡ್ಡಿಯವರ ಮನೆಯಿಂದ ಒಂದು ದೂರು

ಸಕಲ ಒಗ್ಗರಣೆಗಳ ಆಧಾರಸ್ತಂಭರೂ, ಬೆಂಗಳೂರಿನ ಕಡೆ ಈರುಳ್ಳಿ ಎನಿಸಿಕೊಳ್ಳುವವರೂ, ಬೆಲೆ ಏರಿದಾಗ ಪತ್ರಿಕೆಗಳ ಮುಖಪುಟವನ್ನೂ ಇಳಿದಾಗ ರಸ್ತೆಬದಿಯನ್ನೂ ಅಲಂಕರಿಸುವವರೂ ಆದ ಉಳ್ಳಾಗಡ್ಡಿಯವರ ಸನ್ನಿಧಿಗೆ, ಹಳೇ ಹುಬ್ಬಳ್ಳಿಯ ರಾಜಶೇಖರ ಉಳ್ಳಾಗಡ್ಡಿಯ ನಮಸ್ಕಾರಗಳು.

ಮಾನ್ಯರೇ,

ತಾವೂ ನಾವೂ ಒಂದೇ ಹೆಸರಿನವರಾದರೂ ರಕ್ತಸಂಬಂಧಿಗಳಲ್ಲ. ನಮ್ಮ ಮುತ್ತಜ್ಜ ಶಾಂತಯ್ಯ ತಮ್ಮನ್ನು ಚಕ್ಕಡಿಯಲ್ಲಿ ಹೇರಿಕೊಂಡು ಸಂತೆಗೆ ಒಯ್ಯುತ್ತಿದ್ದ. ಮಂದಿ ಮೊದಲು ಚಕ್ಕಡಿಯನ್ನು, ಆಮೇಲೆ ಅವನನ್ನು, ಕೊನೆಗೆ ಅವನ ಮೊಮ್ಮಕ್ಕಳನ್ನೂ ಉಳ್ಳಾಗಡ್ಡಿ ಎಂದೇ ಕರೆದರು. ಈ ಕಡೆ ಅಡ್ಡಹೆಸರು ಇಡುವುದು ಓಣಿ. ಮನೆಯವರ ಅಭಿಪ್ರಾಯ ಕೇಳುವ ಪದ್ಧತಿ ಇಲ್ಲ. ನಮ್ಮ ಓಣಿಯ ಮೆಣಸಿನಕಾಯಿಯವರು ಬಲು ಶಾಂತಸ್ವಭಾವದವರು, ತುಪ್ಪದ ಮನೆತನದವರು ಕಬ್ಬಿಣದ ಅಂಗಡಿ ಇಟ್ಟಿದ್ದಾರೆ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂದರೆಯಾದದ್ದು ನನ್ನ ಮಗಳು ಸೌಮ್ಯಾಳ ಲಗ್ನ ನಿಶ್ಚಯವಾದಾಗ. ವರ ಸಂಕೇತ, ದೇಶಪಾಂಡೆ ನಗರದ ಸಕ್ಕರಿ ಮನೆತನದವನು. ಅವನ ತಾಯಿ ಶಾಂಭವಿಯವರು ಹುಡುಗಿಯನ್ನು ಮೆಚ್ಚಿದರು, ಮನೆಯನ್ನು ಮೆಚ್ಚಿದರು, ಲಗ್ನಪತ್ರಿಕೆಯ ಕರಡು ನೋಡಿ ಮಾತ್ರ ಕನ್ನಡಕ ತೆಗೆದರು. "ಸಕ್ಕರಿಯವರ ಮನಿಗೆ ಉಳ್ಳಾಗಡ್ಡಿ ಬಂತು ಅಂತ ಮಂದಿ ನಗತಾರ್ರೀ ಬೀಗರ. ಬರೇ ರಾಜಶೇಖರ ಅಂತ ಹಾಕ್ರಿ. ಇಲ್ಲಂದ್ರ ನಾವು ಇನ್ನೊಮ್ಮೆ ವಿಚಾರ ಮಾಡಬೇಕಾಗ್ತೈತಿ." ಸಕ್ಕರೆಯನ್ನು ವೈದ್ಯರು ಬಿಡಿಸುತ್ತಾರೆ, ತಮ್ಮನ್ನು ಬಿಡಿಸಿದ ವೈದ್ಯರನ್ನು ನಾನು ಕಂಡಿಲ್ಲ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು, ಹೆಣ್ಣಿನ ತಂದೆಯಾದ್ದರಿಂದ ನುಂಗಿಕೊಂಡು ಕರಡಿನಲ್ಲಿ ನಮ್ಮ ಅಡ್ಡಹೆಸರಿನ ಮೇಲೆ ಗೆರೆ ಎಳೆದೆ. ಸೌಮ್ಯಾ ಅದನ್ನು ನೋಡಿದಳು.

ಆದ್ದರಿಂದ ತಾವು ಕೃಪೆಮಾಡಿ ವಾಸನೆಯನ್ನು ತ್ಯಜಿಸಿ, ಮಣ್ಣಿನಿಂದ ಮೇಲೆದ್ದು, ಮಾವಿನಂತೆ ಮರದಲ್ಲಿ ತೂಗಾಡಿ ಮರ್ಯಾದಸ್ಥರ ಸಾಲಿಗೆ ಸೇರಬೇಕು; ಅದು ಆಗದಿದ್ದರೆ ಲಗ್ನ ಮುಗಿಯುವವರೆಗಾದರೂ ಬೇರೆ ಹೆಸರಿನಿಂದ ಓಡಾಡಬೇಕು ಎಂದು ಪ್ರಾರ್ಥಿಸುವವನಿದ್ದೆ. ಅಷ್ಟರಲ್ಲಿ ಕಳೆದ ರವಿವಾರ ಬೀಗರು ಊಟಕ್ಕೆ ಬಂದರು.

ಅಡುಗೆ ಸೌಮ್ಯಾಳದು. ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಶಾಂಭವಿಯವರು ರೊಟ್ಟಿ ಮುರಿದು, ತಾಟಿನ ಅಂಚಿನಲ್ಲಿ ಏನನ್ನೋ ಹುಡುಕಿದರು. "ಉಳ್ಳಾಗಡ್ಡಿ ಮರತೀಯೇನವಾ? ಅದಿಲ್ಲದ ರೊಟ್ಟಿ ಹೆಂಗ ಇಳೀಬೇಕು?"

"ಮರತಿಲ್ರಿ ಅತ್ತಿ," ಎಂದಳು ಮಗಳು. "ಪತ್ರಿಕ್ಯಾಗ ಬ್ಯಾಡಾದದ್ದು ತಾಟಿನ್ಯಾಗ ಯಾಕ ಅಂತ ಬಿಟ್ಟೀನ್ರಿ."

ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಆದರೆ ಸಂಕೇತ ಎದ್ದು ಹೋಗಿ, ಓಣಿಯ ತುದಿಯಲ್ಲಿರುವ ಹಫೀಜರ ಕಾಯಿಪಲ್ಯದ ಗಾಡಿಯಿಂದ ತಮ್ಮನ್ನು ಬೊಗಸೆತುಂಬ ತಂದು, ಮಣೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು, ಮೊದಲ ಹೋಳನ್ನು ತಾಯಿಯ ತಾಟಿಗೆ ಹಾಕಿದ. "ತಿನ್ನವ್ವಾ. ಪತ್ರಿಕಿ ನಾಳೆ ಅಚ್ಚಿಗೆ ಹೋಗ್ತೈತಿ, ಅವರ ಪೂರಾ ಹೆಸರು ಹಾಕೇ ಹೋಗ್ತೈತಿ." ಶಾಂಭವಿಯವರು ತಿಂದರು. ಎರಡನೆಯ ಹೋಳನ್ನು ಕೇಳಿ ಹಾಕಿಸಿಕೊಂಡರು.

ಹೀಗಾಗಿ ನನ್ನ ಬೇಡಿಕೆಗಳನ್ನು ಹಿಂಪಡೆದು ಒಂದೇ ದೂರು ಉಳಿಸಿಕೊಂಡಿದ್ದೇನೆ: ಬೀಗತಿಯ ಮೇಲೆ ಇಷ್ಟು ಪ್ರಭಾವವಿದ್ದೂ ತಾವು ಅಷ್ಟು ದಿನ ಬುಟ್ಟಿಯಲ್ಲಿ ಸುಮ್ಮನೆ ಕುಳಿತದ್ದು ಒಂದೇ ಹೆಸರಿನವರಿಗೆ ಶೋಭಿಸುವ ನಡತೆಯಲ್ಲ.

ತಮ್ಮ ವಿಶ್ವಾಸಿಯೂ ಹೆಸರಿನ ಪಾಲುದಾರನೂ ಆದ,
ರಾಜಶೇಖರ ಉಳ್ಳಾಗಡ್ಡಿ

ತಾ.ಕ.: ಲಗ್ನದ ನಂತರವೂ ತನ್ನ ಅಡ್ಡಹೆಸರು ಬದಲಿಸುವುದಿಲ್ಲವೆಂದು ಸೌಮ್ಯಾ ತೀರ್ಮಾನಿಸಿದ್ದಾಳೆ; ಸಂಕೇತನೂ ಒಪ್ಪಿದ್ದಾನೆ. ಸುದ್ದಿ ಇನ್ನೂ ಶಾಂಭವಿಯವರಿಗೆ ಮುಟ್ಟಿಲ್ಲ. ಮುಟ್ಟುವ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ತಮ್ಮನ್ನೇ ಹೆಚ್ಚುತ್ತಿರುವಂತೆ ನೋಡಿಕೊಂಡರೆ, ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ.